ಹದಿನಾರು ಇಂಗಾಲದ ಮೊಮ್ಮಗಳು

ಇಂಗಾಲದ ಸಂಯುಕ್ತಗಳಿಗೆಲ್ಲ ಕ್ರಮಬದ್ಧವಾಗಿ ಹೆಸರಿಡುವ ಮಹಾಸಮಿತಿಯ ಅಧ್ಯಕ್ಷರಿಗೂ ಸರ್ವ ಸದಸ್ಯರಿಗೂ,

ಮಾನ್ಯರೇ,

ರಾಯದುರ್ಗದ ಪೇಟೆಬೀದಿಯ ಕಿರಾಣಿ ಅಂಗಡಿಯ ಹಿಂದಿನ ಮನೆಯಿಂದ ಗುರುಬಸಮ್ಮ ತಮಗೆ ಮಾಡುವ ಶರಣು ಶರಣಾರ್ಥಿಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ಬಿಸಿಲು ನಮಗಿಂತ ಚೆನ್ನಾಗಿದೆ. ತಾವೂ, ತಮ್ಮ ಮನೆಮಂದಿಯೂ, ತಾವು ಹೆಸರಿಟ್ಟು ಲೋಕಕ್ಕೆ ಕಳಿಸಿದ ಲಕ್ಷಾಂತರ ಮಕ್ಕಳೂ ಸುಖವಾಗಿರುವರೆಂದು ನಂಬಿದ್ದೇನೆ. ನಾನು ಐದನೇ ತರಗತಿಯವರೆಗೆ ಶಾಲೆಯಲ್ಲಿ ಓದಿದವಳು. ಅಲ್ಲಿಂದ ಮುಂದೆ ಓದಿದ್ದೆಲ್ಲ ಸಾಮಾನು ಕಟ್ಟಲು ಅಂಗಡಿಗೆ ಬರುತ್ತಿದ್ದ ಹಳೇ ಪೇಪರಿನಲ್ಲಿ, ಬರೆದದ್ದೆಲ್ಲ ಬಂಧುಬಳಗಕ್ಕೆ ಕಾಗದ. ತಮಗೂ ನಮಗೂ ಕೊಟ್ಟು ತಂದ ಸಂಬಂಧ ಯಾವುದೂ ಇಲ್ಲದಿದ್ದರೂ, ನಮ್ಮ ಮೊಮ್ಮಗಳ ಹೆಸರಿನ ವಿಚಾರದಲ್ಲಿ ತಾವು ನಡುವೆ ಬಂದದ್ದರಿಂದ ನೆಂಟರೇ ಆದಿರಿ. ನೆಂಟರಾದ ಮೇಲೆ ಮುನಿಸಿಕೊಳ್ಳುವ ಹಕ್ಕೂ ನನಗೆ ಬಂದಿತೆಂದು ತಿಳಿದು ಈ ದೂರನ್ನು ಬರೆಯುತ್ತಿದ್ದೇನೆ.

ತಮ್ಮ ಪರಿಚಯ ನನಗೆ ಹೇಗಾಯಿತೆಂದು ಮೊದಲು ಹೇಳಿಬಿಡುತ್ತೇನೆ. ನನ್ನ ಸೊಸೆ ಸುಮಾ ಬಿ.ಎಸ್ಸಿ. ಮಾಡಿದವಳು, ಸಂಜೆಹೊತ್ತು ನಮ್ಮ ಪಡಸಾಲೆಯಲ್ಲಿ ಇಂಟರ್ ಓದುವ ಮಕ್ಕಳಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತಾಳೆ. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತ ಆರಿಸುತ್ತ ತಮ್ಮ ಶಾಸ್ತ್ರದಲ್ಲಿ ಒಂದಷ್ಟನ್ನು ಕಲಿತೆ. ಇಂಗಾಲಕ್ಕೆ ನಾಲ್ಕು ಕೈಗಳಂತೆ. ನಾಲ್ಕೂ ಕೈಗಳು ಒಂದೊಂದು ಬೇರೆ ಕೈಯನ್ನು ಹಿಡಿದು ಯಾವ ಕೈಯೂ ಬಿಡುವಾಗಿ ಉಳಿಯದಿದ್ದರೆ ಅಂಥದ್ದನ್ನು ಪರ್ಯಾಪ್ತ ಎನ್ನುತ್ತಾರಂತೆ. ಒಂದು ಕೈ ಒಲೆಗೆ, ಒಂದು ಕೈ ತೊಟ್ಟಿಲಿಗೆ, ಒಂದು ಅಂಗಡಿಯ ತಕ್ಕಡಿಗೆ, ಒಂದು ಬಂದವರಿಗೆ ನೀರು ಕೊಡುವುದಕ್ಕೆ ಹೋದ ನನ್ನಂಥವಳಿಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ. ಇಂಥ ಪರ್ಯಾಪ್ತರು ಯಾರ ಗೊಡವೆಗೂ ಬೇಗ ಹೋಗುವುದಿಲ್ಲ, ಆಸಿಡ್ಡು ಸುರಿದರೂ ಜಗ್ಗುವುದಿಲ್ಲ ಎಂದು ಸುಮಾ ಮಕ್ಕಳಿಗೆ ಹೇಳಿದಾಗ ಮಾತ್ರ, ಇದು ನನ್ನನ್ನಲ್ಲ, ನಮ್ಮ ಯಜಮಾನರನ್ನು ನೋಡಿ ಬರೆದದ್ದು ಎನ್ನಿಸಿತು.

ತಮ್ಮ ಹೆಸರಿಡುವ ಕಲೆಯನ್ನು ಹೊಗಳಲು ನನ್ನ ಕನ್ನಡ ಸಾಲದು. ಮೊದಲ ನಾಲ್ಕು ಮಕ್ಕಳಿಗೆ ಮೀಥೇನ್, ಈಥೇನ್, ಪ್ರೊಪೇನ್, ಬ್ಯುಟೇನ್ ಎಂದು ಮುದ್ದಾಗಿ ಹೆಸರಿಟ್ಟಿರಿ; ಐದನೆಯದು ಹುಟ್ಟುವ ಹೊತ್ತಿಗೆ ದಣಿವಾಯಿತೋ ಏನೋ, ಪೆಂಟೇನ್, ಹೆಕ್ಸೇನ್ ಎಂದು ಐದು ಆರು ಎಣಿಸುವುದಕ್ಕೆ ಶುರುಮಾಡಿದಿರಿ. ತುಂಬಿದ ಮನೆಯ ಹಿರಿಯರು ನಡೆದುಕೊಳ್ಳುವುದೇ ಹೀಗೆ, ತಪ್ಪು ಹಿಡಿಯುವುದಿಲ್ಲ. ಇನ್ನೊಂದನ್ನಂತೂ ಕೇಳಿ ಕೈಯಲ್ಲಿದ್ದ ಅಕ್ಕಿ ಮೊರಕ್ಕೇ ಬಿತ್ತು. ತನ್ನ ಪಾಡಿಗೆ ತಾನಿದ್ದ ಮೀಥೇನ್ ಒಂದು ಜಲಜನಕವನ್ನು ಕಳೆದುಕೊಂಡು ಬೇರೆಯವರ ಸರಪಳಿಗೆ ಸೇರಿದ ಕೂಡಲೇ ಅದರ ಹೆಸರಿನ ಬಾಲ ಕತ್ತರಿಸಿ ಮೀಥೈಲ್ ಎಂದು ಕರೆದು, ಎಷ್ಟನೇ ಇಂಗಾಲದ ಮನೆಯಲ್ಲಿದೆಯೋ ಆ ನಂಬರು ಹಚ್ಚಿ ಕೂರಿಸುತ್ತೀರಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಆಧಾರ್ ಕಾರ್ಡು ತಿದ್ದಿಸುವ ಕೆಲಸವನ್ನು ತಾವು ಇಷ್ಟು ಶಿಸ್ತಾಗಿ ಎಲ್ಲಿ ಕಲಿತಿರಿ, ಸ್ವಾಮಿ?

ಇನ್ನು ದೂರಿಗೆ ಬರುತ್ತೇನೆ.

ಸುಮಾ ಚೊಚ್ಚಲ ಹೆರಿಗೆಗೆ ತವರಿಗೆ, ಅಂದರೆ ಮಡಕಶಿರದ ಆಚೆಯ ರೊಳ್ಳಕ್ಕೆ ಹೋದಳು. ಹೆಣ್ಣುಮಗು ಹುಟ್ಟಿತು. ನಮ್ಮ ಯಜಮಾನರು ಬೀದಿಗೆಲ್ಲ ಸಕ್ಕರೆ ಹಂಚಿದರು, ಹಂಚುತ್ತಲೇ ಮಗುವಿಗೆ ತಮ್ಮ ತಾಯಿಯ ಹೆಸರು ಬಸಲಿಂಗಮ್ಮ ಎಂದೂ ಸಾರಿದರು. ರೊಳ್ಳದಲ್ಲಿ ನಮ್ಮ ಬೀಗರು ಎರ್ರಿಸ್ವಾಮಿಯವರು, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು, ಅಷ್ಟು ಹೊತ್ತಿಗಾಗಲೇ ತಮ್ಮ ತಾಯಿ ಕೆಂಚಮ್ಮನ ಹೆಸರನ್ನು ಊರಿಗೆಲ್ಲ ಹೇಳಿ ಮುಗಿಸಿದ್ದರು. ಹೆಸರು ಒಪ್ಪುವವರೆಗೆ ತೊಟ್ಟಿಲು ತರುವುದಿಲ್ಲ ಎಂದರು ಇವರು. ತೊಟ್ಟಿಲ ಕಾರ್ಯ ಆಗದೆ ಬಾಣಂತಿಯನ್ನೂ ಮಗುವನ್ನೂ ಕಳಿಸುವುದಿಲ್ಲ ಎಂದರು ಅವರು. ಲಸಿಕೆಯ ಕಾರ್ಡಿನಲ್ಲಿ ಮಗುವಿನ ಹೆಸರು ‘ಬೇಬಿ ಆಫ್ ಸುಮಾ’ ಎಂದೇ ಉಳಿಯಿತು. ಅಪ್ಪನಾದ ನನ್ನ ಮಗ ರವಿಶಂಕರ ಎರಡೂ ಕಡೆಗೆ ತಲೆ ಆಡಿಸಿ ಆಡಿಸಿ ಕುತ್ತಿಗೆ ನೋವೆಂದು ಮುಲಾಮು ಹಚ್ಚಿಕೊಂಡ. ನನ್ನ ಮೊದಲ ಮೊಮ್ಮಗಳನ್ನು ನಾನು ತಿಂಗಳುಗಟ್ಟಲೆ ಫೋನಿನಲ್ಲಿ ನೋಡಿದೆ, ಅದೂ ಅಂಗೈಯಷ್ಟು. ಅಲ್ಲಿ ಅವಳು ಆಕಳಿಸಿದರೆ ಇಲ್ಲಿ ನನ್ನ ಮಡಿಲು ಸುಮ್ಮನೆ ಬೆಚ್ಚಗಾಗುತ್ತಿತ್ತು. ಕರೆಯೋಣವೆಂದರೆ ಹೆಸರಿಲ್ಲ. ಯಜಮಾನರ ಮಾತೇ ನಡೆದರೆ ಇರುವ ಹೆಸರು ನನ್ನ ಅತ್ತೆಯವರದು. ಅದನ್ನು ಕಾಗದದಲ್ಲಿ ಬರೆದೇನು, ಬಾಯಲ್ಲಿ ಇವತ್ತಿನವರೆಗೂ ಹೇಳಿದವಳಲ್ಲ. ಆ ಹೆಸರು ಹಿಡಿದು ಕೂಸನ್ನು ಎತ್ತಿ ಆಡಿಸುವುದಾದರೂ ಹೇಗೆ, ಮಣ್ಣು ತಿಂದರೆ ಗದರುವುದಾದರೂ ಹೇಗೆ?

ಆಗ ನೆನಪಾದವರು ತಾವು. ತಮ್ಮ ಮೊದಲ ನಿಯಮವನ್ನು ನಾನು ಬಾಗಿಲ ಹಿಂದಿನಿಂದ ಕೇಳಿದ್ದೆ: ಅತಿ ಉದ್ದದ ಸರಪಳಿಯೇ ಮುಖ್ಯ, ಹೆಸರು ಅದರದು, ಉಳಿದದ್ದೆಲ್ಲ ಕೊಂಬೆ. ಅದರ ಮುಂದಿನ ಮಾತು ಕೇಳುವಷ್ಟರಲ್ಲಿ ಒಳಗೆ ಹಾಲು ಉಕ್ಕಿತ್ತು. ಕೇಳಿದಷ್ಟನ್ನೇ ಎರಡೂ ಮನೆಗೆ ಫೋನಿನಲ್ಲಿ ಹೇಳಿದೆ. ಯಾರ ವಂಶದ ಸರಪಳಿ ಉದ್ದವೋ ಹೆಸರು ಅವರ ಕಡೆಯದು. ಇದು ದೇಶವಿದೇಶದ ದೊಡ್ಡವರು ಕೂತು ಮಾಡಿದ ಕಾನೂನು, ಅವರು ನಿಮಗೂ ನೆಂಟರಲ್ಲ, ನಮಗೂ ನೆಂಟರಲ್ಲ ಎಂದೆ. ಬೀಗರಿಬ್ಬರೂ ಒಪ್ಪಿದರು. ತಮ್ಮ ಮೇಲೆ ಅವರಿಗೆ ಭಕ್ತಿ ಬಂತೆಂದು ದಯವಿಟ್ಟು ಉಬ್ಬಬೇಡಿ; ಇಬ್ಬರಿಗೂ ತಾವೇ ಗೆಲ್ಲುವೆವೆಂಬ ಧೈರ್ಯವಿತ್ತು.

ಹೀಗೆ ನಾವು ಎರಡು ಬಸ್ಸು ಬದಲಾಯಿಸಿ ರೊಳ್ಳ ಸೇರಿದೆವು. ತೊಟ್ಟಿಲನ್ನು ಕೆಳಗಿಳಿಸಕೂಡದೆಂದು ಯಜಮಾನರು ಆಟೋದವನಿಗೆ ತಾಕೀತು ಮಾಡಿ, ಒಳಗೆ ಬಂದವರೇ ಜೇಬಿನಿಂದ ಅಂಗಡಿಯ ಸೀಮೆಸುಣ್ಣದ ಕಡ್ಡಿ ತೆಗೆದು, ಬೀಗರ ನಡುಮನೆಯ ಕಪ್ಪು ನೆಲದ ಮೇಲೆ ಮಗುವಿನಿಂದ ಹಿಡಿದು ಗೋಡೆಯವರೆಗೆ ನೆಟ್ಟಗೆ ಒಂದು ಗೆರೆ ಎಳೆದರು. ಗೆರೆಯ ಮೇಲೆ ಮಗ, ತಾವು, ತಮ್ಮ ಅಪ್ಪ, ಅಜ್ಜ, ಮುತ್ತಜ್ಜ. ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು ನಮ್ಮ ವಂಶಾವಳಿಯನ್ನು ಒಂದೇ ಉಸಿರಿಗೆ ಒಪ್ಪಿಸುವ ಹೆಳವ ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಹೆಂಗಸರಾದ ನಮ್ಮನ್ನು ಅಲ್ಲಲ್ಲಿ ಬೆರಳುದ್ದದ ಗಿಡ್ಡ ಗೆರೆ ಮಾಡಿ, ಹೆಸರು ಬರೆಯದೆ ಬಿಟ್ಟಿದ್ದರು. ತಮ್ಮ ಪುಸ್ತಕದಲ್ಲಿ ಜಲಜನಕಗಳನ್ನು ಹಾಕುವುದೂ ಹೀಗೇ ಅಲ್ಲವೇ?

“ನೋಡ್ರಿ ಬೀಗರ, ಏಳು ತಲಿ ಬಾಯಾಗ ಐತಿ ನಮ್ದು. ನಿಮ್ದೆಷ್ಟ್ರಿ?” ಎಂದು ಯಜಮಾನರು ಮೀಸೆ ಒರೆಸಿಕೊಂಡರು.

ಎರ್ರಿಸ್ವಾಮಿಯವರು ತಲೆ ಕೆರೆದುಕೊಂಡು, “ಆರು ಗೊತ್ತು. ಏಳ್ನೇದು ನಮ್ಮಪ್ಪಂಗೇ ಗೊತ್ತಿರ್ಲಿಲ್ಲ. ಸತ್ತೋರ್ನ ಎಬ್ಸಿ ಕೇಳಕಾಯ್ತದಾ ಬೀಗ್ರೇ?” ಎಂದರು.

“ಹಂಗಾರ ಆತು. ಕಮಿಟಿಯವರ ರೂಲು ಅಂದ್ರ ರೂಲು. ಏ ರವಿ, ತೊಟ್ಲ ಇಳಸ್ರಿ!”

ಅಲ್ಲಿಗೆ ಮುಗಿದಿದ್ದರೆ ತಮಗೆ ಈ ಪತ್ರ ಓದುವ ಶ್ರಮ ಇರುತ್ತಿರಲಿಲ್ಲ. ಅಷ್ಟರಲ್ಲಿ ಸುಮಾ ಮಗುವನ್ನು ನನ್ನ ಮಡಿಲಿಗೆ ಹಾಕಿ, ಸೊಂಟಕ್ಕೆ ಕಟ್ಟಿದ ಬಟ್ಟೆ ಬಿಗಿಮಾಡಿಕೊಂಡು ಮಾವನ ಕೈಯಿಂದ ಸುಣ್ಣದ ಕಡ್ಡಿ ಇಸಿದುಕೊಂಡಳು. “ಮಾವಾರೇ, ಸರಪಳಿ ನೆಟ್ಟಗೇ ಇರಬೇಕು ಅಂತ ರೂಲಿಲ್ಲ. ಹಾಳೆ ಮೇಲೆ ನೆಟ್ಟಗೆ ಕಾಣೋದನ್ನೇ ಉದ್ದ ಅಂತ ಎಣಿಸಿಬಿಟ್ಟು ನಮ್ಮ ಹುಡುಗರು ಪರೀಕ್ಷೇಲಿ ಮಾರ್ಕು ಕಳಕೊಳ್ಳೋದೇ ಇಲ್ಲಿ. ಸರಪಳಿ ಎಲ್ಲಿ ಬೇಕಾದ್ರೂ ತಿರುಗಬಹುದು,” ಎಂದು ಮಗುವಿನಿಂದ ತನ್ನ ಕಡೆಗೊಂದು ಗೆರೆ ತಿರುಗಿಸಿದಳು. ತಾನು, ತನ್ನ ತಾಯಿ, ತಾಯಿಯ ತಾಯಿ ಹಾಲಮ್ಮ. ಹಾಲಮ್ಮಜ್ಜಿ ಅಲ್ಲೇ ಕಂಬಕ್ಕೊರಗಿ ಎಲೆ ಅಡಿಕೆ ಕುಟ್ಟುತ್ತಿದ್ದರು. “ಅಜ್ಜಿ, ನನ್ನ ಮದುವೇಲಿ ಮಡಿಲಕ್ಕಿ ಕಟ್ಟುವಾಗ ಹೇಳಿದ್ಯಲ್ಲ, ಅದನ್ನ ಹೇಳು.” ಆ ಮನೆಯಲ್ಲಿ ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಿಗೆ ಬೊಗಸೆ ಬೊಗಸೆ ಅಕ್ಕಿ ಹಾಕುತ್ತ, ಒಂದೊಂದು ಬೊಗಸೆಗೆ ಒಬ್ಬೊಬ್ಬ ತಾಯಿಯ ಹೆಸರು ಹೇಳುವ ರೂಢಿಯಿದೆ. ನಮ್ಮ ಯಜಮಾನರು ಆಗ ಪಂಕ್ತಿಗೆ ಎಷ್ಟು ಎಲೆ ಬಿತ್ತೆಂದು ನೋಡುವುದಕ್ಕೆ ಹೋಗಿದ್ದರು.

ಅಜ್ಜಿ ಕುಟ್ಟುವುದನ್ನು ನಿಲ್ಲಿಸದೆ ಹೇಳಿದರು: “ನಾನು ಹಾಲಮ್ಮ, ನಮ್ಮವ್ವ ಸಾಕಮ್ಮ, ಅವ್ಳವ್ವ ಈರಮ್ಮ, ಅವ್ಳವ್ವ ದೊಡ್ಡತಾಯಮ್ಮ, ಅವ್ಳವ್ವ ಚಿಕ್ಕೀರಮ್ಮ, ಅವ್ಳವ್ವ ಮುದ್ದಮ್ಮ. ಅದ್ರಿಂದಾಚೀಗೆ ಅಕ್ಕಿ ಮುಗೀತಿತ್ತು.”

ಸುಮಾಳಿಂದ ಎಣಿಸಿದರೆ ಎಂಟು. ಯಜಮಾನರ ಮುಖ ಉಪ್ಪಿನಕಾಯಿಯ ರಸ ಹೀರಿದಂತಾಯಿತು. “ಇದು ಹೆಂಗಸರ ಲೆಕ್ಕ, ಇದು ನಡಿಯಂಗಿಲ್ಲ,” ಎಂದರು.

“ಯಾಕ್ ನಡೆಯಾಕಿಲ್ಲ ಮರುಳಪ್ನೋರೇ?” ಎಂದು ನಮ್ಮ ಯಜಮಾನರನ್ನು ಹೆಸರು ಹಿಡಿದೇ ಕೇಳಿದರು ಹಾಲಮ್ಮಜ್ಜಿ. “ನಿಮ್ಮೇಳು ಜನ ಗಂಡಸ್ರನ್ನ ಯಾರಾನಾ ಹೆತ್ರಾ, ಇಲ್ಲಾ ಹೆಳವ ಎತ್ತಿನ ಮ್ಯಾಗ್ಳಿಂದ ಇಳಿಸ್ಬುಟ್ಟು ಹೋದ್ನಾ?”

ಮಾನ್ಯರೇ, ನನ್ನ ಗಂಡನಿಗೆ ಎದುರುತ್ತರ ಹೊಳೆಯದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟಕ್ಕಾದರೂ ತಮಗೆ ಒಂದು ಕಾಯಿ ಒಡೆಸಬೇಕೆಂದಿದ್ದೇನೆ.

ಎರ್ರಿಸ್ವಾಮಿಯವರು ಗೆದ್ದೆವೆಂದು ತೊಡೆ ತಟ್ಟಲು ಹೊರಟರು, ಆದರೆ ಗೆರೆ ನೋಡಿದರೆ ಅವರೂ ಅವರಮ್ಮ ಕೆಂಚಮ್ಮನೂ ಸುಮಾಳ ಪಕ್ಕಕ್ಕೆ ಕೊಂಬೆಯಾಗಿ ಚಾಚಿಕೊಂಡಿದ್ದರು. “ಎಲ್ಲಾ ಬಿಟ್ಟು ನನ್ ಮನೇಲೇ ನಾನು ಕೊಂಬೆ ಆದ್ನೇನಮ್ಮಾ!” ಎಂದು ಕೂತುಬಿಟ್ಟರು. ಸುಮಾ ಇನ್ನೂ ಮುಗಿಸಿರಲಿಲ್ಲ. “ನೀವಿಬ್ರೂ ಮಗೂನ ತುದಿ ಅಂತ ಹಿಡಿದಿದೀರ. ಮಗು ತುದಿ ಅಲ್ಲ, ನಡುವೆ. ಸರಪಳಿ ರಾಯದುರ್ಗದ ತುದೀಲಿ ಶುರುವಾಗಿ ಮಗು ಹತ್ರ ತಿರುಗಿ ಮುದ್ದಮ್ಮನವರೆಗೆ ಒಂದೇ ಹೋಗುತ್ತೆ. ಏಳು, ಎಂಟು, ಮಗು ಒಂದು. ಹದಿನಾರು.”

ಎಲ್ಲರೂ ಬಗ್ಗಿ ನೋಡಿದೆವು. ನಿಜವೇ, ಎಲ್ಲಿಯೂ ಕಡಿದಿರಲಿಲ್ಲ. ಬೀಗರು ಬೀಗರು ಎಂದು ಎದುರುಬದುರು ಕೂತವರೆಲ್ಲ ಒಂದೇ ಗೆರೆಯ ಮೇಲಿದ್ದರು. ರವಿಶಂಕರ ಮೆಲ್ಲಗೆ, “ಹದಿನಾರಕ್ಕ ಕಮಿಟಿಯವರು ಏನಂತ ಹೆಸರಿಟ್ಟಾರ?” ಎಂದು ಕೇಳಿದ.

“ಹೆಕ್ಸಾಡೆಕೇನ್,” ಎಂದಳು ಸುಮಾ. “ಡೀಸೆಲ್‌ನಲ್ಲಿ ಇರುತ್ತೆ.”

ಇದೇ ನನ್ನ ದೂರು, ಮಾನ್ಯರೇ. ಹಾಲುಗೆನ್ನೆಯ ಕೂಸಿಗೆ, ಎರಡು ಮನೆಗಳ ಹಿರಿಯರು ನಂಬಿ ತಮ್ಮ ಬಾಗಿಲಿಗೆ ಬಂದಾಗ, ತಾವು ದಯಪಾಲಿಸಿದ ಹೆಸರು ಹೆಕ್ಸಾಡೆಕೇನ್! ಸೋದರತ್ತೆಯಾದ ನನ್ನ ಮಗಳು ಸ್ವಪ್ನಾ, ಹೇಗಿದ್ದರೂ ನೋಡೇಬಿಡೋಣವೆಂದು ಮಗುವಿನ ಕಿವಿಗೆ ಬಾಯಿಟ್ಟು, “ಕುರ್ರ್… ಹೆಕ್ಸಾ…” ಎನ್ನುವಷ್ಟರಲ್ಲಿ ಅದು ಕಾಲು ಝಾಡಿಸಿ ಅವಳ ಮೂಗಿಗೇ ಒದೆಯಿತು. “ಟ್ರ್ಯಾಕ್ಟರ್‌ಗೆ ಹಾಕೋ ಡೀಸೆಲ್ಲಾ? ಬುಡಿ, ಅದ್ಕೂ ಒಳ್ಳೇ ರೇಟೈತೆ,” ಎಂದರು ಎರ್ರಿಸ್ವಾಮಿ. ಮೊದಲು ಹಾಲಮ್ಮಜ್ಜಿ ನಕ್ಕರು, ಆಮೇಲೆ ಮನೆಯೇ ನಕ್ಕಿತು. ನಮ್ಮ ಯಜಮಾನರು ನಗಬಾರದೆಂದು ಹಲ್ಲು ಕಚ್ಚಿ ಕಚ್ಚಿ ಕೊನೆಗೆ ಕೆಮ್ಮಿದಂತೆ ನಕ್ಕರು.

ಆದರೆ ನಗು ನಿಂತ ಮೇಲೂ ಮಗುವಿಗೆ ಹೆಸರಿರಲಿಲ್ಲ. ಯಜಮಾನರು ಹೆಗಲ ಟವೆಲ್ಲು ಕೊಡವಿ, “ನಗೋದಾತು. ನಮ್ಮವ್ವನ ಹೆಸರು ಇಡಂಗಿದ್ರ ಇಡ್ರಿ, ಇಲ್ಲಾಂದ್ರ ಸಂಜಿ ಬಸ್ಸಿಗೆ ನಾವು ಹೊಂಟ್ವಿ,” ಎಂದರು. ನನ್ನ ಮಡಿಲಲ್ಲಿ ಮಗು ನಿದ್ದೆ ಹೋಗಿತ್ತು. ಅದರ ತೂಕ ನನಗೆ ಆಗ ತಾನೇ ಅಭ್ಯಾಸವಾಗುತ್ತಿತ್ತು. ಹೊರಗೆ ಆಟೋದವನು ತೊಟ್ಟಿಲು ಇಳಿಸುವುದೋ ಬಿಡುವುದೋ ಎಂದು ಎರಡನೇ ಸಲ ಕೂಗಿದ. ಎದ್ದರೆ ಮಗು ಎಚ್ಚರವಾದೀತೆಂದು ನಾನು ಏಳದೆ ಕೂತೇ ಇದ್ದೆ. ಏಳದಿರಲು ನನ್ನ ಹತ್ತಿರ ಇದ್ದ ನೆಪ ಅದೊಂದೇ.

ಸುಮಾ ಕಡ್ಡಿ ಕೆಳಗಿಟ್ಟಿರಲಿಲ್ಲ. “ಹೆಸರು ಇನ್ನೂ ಪೂರ್ತಿ ಆಗಿಲ್ಲ ಮಾವಾರೇ. ಸರಪಳಿ ಆದ ಮೇಲೆ ಕೊಂಬೆಗಳ ಹೆಸರು ಹೇಳಬೇಕು. ಒಂದು ಕೊಂಬೆ ಬಿಟ್ರೂ ಉತ್ತರ ತಪ್ಪು,” ಎಂದು ರವಿಶಂಕರನ ಪಕ್ಕದಲ್ಲಿದ್ದ ಬೆರಳುದ್ದದ ಗಿಡ್ಡ ಗೆರೆಯ ಮೇಲೆ ಕಡ್ಡಿ ಇಟ್ಟಳು. ಆ ಗೆರೆ ನಾನು. “ಅತ್ತೆಮ್ಮಾ, ಈ ಕೊಂಬೆ ಇಷ್ಟೇನಾ? ಮುಂದೆ ಬರೀತೀನಿ, ಹೇಳಿ. ನಿಮ್ಮಮ್ಮನ ಹೆಸರೇನು?”

ನನ್ನ ಪರವಾಗಿ ಉತ್ತರ ಹೇಳುವುದು ಯಜಮಾನರಿಗೆ ರೂಢಿ. ಬಾಯಿ ತೆರೆದರು. ತೆರೆದ ಬಾಯಿ ಹಾಗೇ ನಿಂತಿತು. ನಮ್ಮ ಅಪ್ಪನ ಹೆಸರು ಅವರಿಗೆ ಗೊತ್ತು, ಅಪ್ಪನ ಅಪ್ಪನದೂ ಗೊತ್ತು. ಮದುವೆಯ ಹೊತ್ತಿಗೆ ತೀರಿಹೋಗಿದ್ದ ನಮ್ಮವ್ವನ ಹೆಸರನ್ನು ಅವರು ಕೇಳುವ ಪ್ರಸಂಗ ಈ ಇಷ್ಟು ವರ್ಷದ ಸಂಸಾರದಲ್ಲಿ ಬಂದೇ ಇರಲಿಲ್ಲ. ಅವರೊಬ್ಬರೇ ಏನು, ಯಾರೂ ಕೇಳಿರಲಿಲ್ಲ. ಯಾರೂ ಕೇಳದ್ದರಿಂದ ನಾನೂ ಹೇಳಿರಲಿಲ್ಲ.

“ನೀಲಮ್ಮ,” ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. “ಕಣೇಕಲ್ಲಾಗ, ಕೆರಿ ಕೆಳಗಿನ ಗದ್ದ್ಯಾಗ ಭತ್ತದ ಸಸಿ ಹಚ್ಚಾಕಿ. ಹಾಡು ಹೇಳ್ಕೊಂತ ಹಚ್ಚಿದ್ರ ಸಾಲು ಸೊಟ್ಟ ಆಗಂಗಿಲ್ಲ ಅಂತಿದ್ಲು.”

ಯಜಮಾನರು ನೆಲ ನೋಡಿದರು, ನನ್ನನ್ನು ನೋಡಿದರು, ನನ್ನ ಮಡಿಲಿನ ಮಗುವನ್ನು ನೋಡಿದರು. ಆಮೇಲೆ ಮಂಡಿ ಹಿಡಿದುಕೊಂಡು ನೆಲದ ಮೇಲೆ ಕೂತು, ಸೊಸೆಯ ಕೈಯಿಂದ ಕಡ್ಡಿ ತೆಗೆದುಕೊಂಡು, ನನ್ನ ಗಿಡ್ಡ ಗೆರೆಯನ್ನು ತಾವೇ ಉದ್ದ ಮಾಡಿ, ಅಂಗಡಿಯ ಹಲಗೆಯ ಮೇಲೆ ಬೇಳೆಯ ಧಾರಣೆ ಬರೆಯುವ ಆ ದಪ್ಪ ಅಕ್ಷರದಲ್ಲಿ ನೀಲಮ್ಮ ಎಂದು ಬರೆದರು. ಬರೆದು, ಹಿಂದಕ್ಕೆ ಸರಿದು, “ಹೆಸರು ಚಲೋ ಐತಲ್ರೀ ಬೀಗರ,” ಎಂದರು.

“ನಮ್ದೂ ಅಲ್ಲ, ನಿಮ್ದೂ ಅಲ್ಲ. ಸರೇ, ಯಾರೂ ಸೋತಂಗಾಗ್ಲಿಲ್ಲ,” ಎಂದರು ಎರ್ರಿಸ್ವಾಮಿ. “ಸ್ಕೂಲ್ನಾಗೆ ನೀಲಾ ಅಂತ ಬರೆಸಿದ್ರೆ ಈಗಿನ್ ಕಾಲ್ದಂಗೂ ಇರ್ತದೆ,” ಎಂದು ಸುಮಾಳ ಮುಖ ನೋಡಿದರು. ಅವಳು ಉತ್ತರ ಸರಿಯಾಗಿದೆ ಎಂಬಂತೆ ಕೈಯ ಸುಣ್ಣ ಒರೆಸಿಕೊಂಡಳು. ಹಾಲಮ್ಮಜ್ಜಿ, “ಅಂಗಾರೆ ಆ ತೊಟ್ಲನ್ಯಾಕೆ ಬಿಸ್ಲಾಗೆ ಒಣಗಾಕೀರ, ಒಳೀಕ್ ತಗಂಡ್ ಬರ್ರಪ್ಪಾ!” ಎಂದು ಗದರಿದರು. ಸ್ವಪ್ನಾ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು, ಎಲ್ಲರಿಗಿಂತ ಜೋರಾಗಿ ಗುದ್ದಿದವಳು ನಾನು. ಈಗ ಸುಮಾಳೂ ಮಗುವೂ ರಾಯದುರ್ಗಕ್ಕೆ ಬಂದಿದ್ದಾರೆ. “ಏ ನೀಲಮ್ಮಾ, ಬಾಯಾಗಿಂದ ಕಾಲು ತಗಿ!” ಎಂದು ಬೆಳಗಿನಿಂದ ಬೈಯುತ್ತಿದ್ದೇನೆ. ಹೆತ್ತವಳ ಹೆಸರು ಹಿಡಿದು ಹೀಗೆ ಬಾಯಿತುಂಬ ಬೈಯುವ ಭಾಗ್ಯ ಎಷ್ಟು ಹೆಣ್ಣುಮಕ್ಕಳಿಗೆ ಸಿಕ್ಕೀತು?

ಕೆಲಸ ಕೂಡಿಬಂದ ಮೇಲೆ ದೂರು ಯಾಕೆಂದು ತಾವು ಕೇಳಬಹುದು. ಕೂಡಿಬಂದದ್ದು ತಮ್ಮ ಹೆಸರಿನಿಂದಲ್ಲ, ತಮ್ಮ ಹೆಸರಿಗೆ ಎಲ್ಲರೂ ನಕ್ಕದ್ದರಿಂದ ಮತ್ತು ಒಂದು 'ಕೊಂಬೆ'ಯನ್ನು ಬಿಡದೆ ಕೇಳಿದ ನನ್ನ ಸೊಸೆಯಿಂದ. ಆದ್ದರಿಂದ ತಮ್ಮ ಮುಂದಿನ ಸಭೆಯಲ್ಲಿ ಕೆಲವು ತಿದ್ದುಪಡಿಗಳನ್ನು ದೊಡ್ಡ ಮನಸ್ಸಿನಿಂದ ಮಾಡಿಸಬೇಕಾಗಿ ಬೇಡುತ್ತೇನೆ. ಪರಸ್ಥಳಕ್ಕೆ ಸೇರಿದ ಮೀಥೇನಿಗೆ ಅದರ ಹುಟ್ಟಿದ ಹೆಸರನ್ನು, ಬೇಕಾದರೆ ಹಬ್ಬಹರಿದಿನಕ್ಕಾದರೂ, ವಾಪಸು ಕೊಡಿ. ಸರಪಳಿಯ ಸುತ್ತ ನಿಂತು ಒಂದು ಕೈಯನ್ನೂ ಬಿಡುವಾಗಿರಿಸದೆ ಕಾಯುವ ಜಲಜನಕಗಳ ಹೆಸರು ತಮ್ಮ ಯಾವ ಹೆಸರಿನಲ್ಲಿಯೂ ಬರುವುದಿಲ್ಲವಂತೆ. ಹದಿನಾರು ಇಂಗಾಲಕ್ಕೆ ಅವು ಮೂವತ್ತನಾಲ್ಕು ಎಂದು ಸುಮಾ ಲೆಕ್ಕ ಹಾಕಿ ತೋರಿಸಿದಳು. ಒಂದೊಂದಕ್ಕೂ ಬೇರೆಬೇರೆ ಹೆಸರಿಟ್ಟು ತಿಳಿಸಬೇಕು. ಹೆಸರು ಸಾಲದಾದರೆ ಬರೆಯಿರಿ, ನಮ್ಮ ಓಣಿಯ ಹೆಂಗಸರ ಹೆಸರುಗಳನ್ನು ಕಳಿಸಿಕೊಡುತ್ತೇನೆ. ಇನ್ನು, ಡೀಸೆಲ್ಲಿನೊಳಗಿರುವ ತಮ್ಮ ಹೆಕ್ಸಾಡೆಕೇನನ್ನು ಒಂದು ಸಂಜೆಯಾದರೂ ನೀಲಾ ಎಂದು ಕರೆದು ನೋಡಿ. ಗಾಡಿ ಮೈಲೇಜು ಹೆಚ್ಚು ಕೊಟ್ಟರೆ ಆಶ್ಚರ್ಯವಿಲ್ಲ.

ಮಗುವಿಗೆ ಹಲ್ಲು ಬರುವ ಹೊತ್ತಿಗೆ ತಾವೆಲ್ಲ ಸಕುಟುಂಬ ಬರಬೇಕು. ರಾಯದುರ್ಗಕ್ಕೆ ಬಸ್ಸಿದೆ, ಮನೆ ಕೇಳಿದರೆ ಯಾರಾದರೂ ತೋರಿಸುತ್ತಾರೆ, ನಂಬರು ಬೇಕಾಗುವುದಿಲ್ಲ.

ಹೆಸರಿನಲ್ಲಿ ತಪ್ಪು ಕಂಡರೂ ಮನಸ್ಸಿನಲ್ಲಿ ತಪ್ಪು ಕಾಣದ, ತಮ್ಮ ವಿಶ್ವಾಸಿ ಮತ್ತು ಹೊಸ ನೆಂಟಳು,

ಗುರುಬಸಮ್ಮ
(ನೀಲಮ್ಮನ ಮಗಳು, ನೀಲಮ್ಮನ ಅಜ್ಜಿ)

ಮರೆತ ಮಾತು: ಲೋಕದ ವಸ್ತುಗಳಿಗೆಲ್ಲ ಉದ್ದುದ್ದ ಪೂರ್ತಿ ಹೆಸರನ್ನೇ ಕಡ್ಡಾಯ ಮಾಡಿದ ತಮ್ಮ ಮಹಾಸಮಿತಿಯನ್ನು ಮಾತ್ರ ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲವಂತೆ, ನಾಲ್ಕೈದು ಅಕ್ಷರಕ್ಕೆ ಮೊಟಕು ಮಾಡಿ ಕರೆಯುತ್ತಾರೆಂದೂ, ತಾವೂ ಅದಕ್ಕೇ ಓಗೊಡುತ್ತೀರೆಂದೂ ಸುಮಾ ಹೇಳಿದಳು. ಪೂರ್ತಿ ಹೆಸರು ಹೇಳಿ ತಮ್ಮನ್ನು ಊಟಕ್ಕೆ ಕೂಗುವಷ್ಟರಲ್ಲಿ ಅನ್ನ ಆರಿಹೋಗುತ್ತದೆ ಎಂದೇ ಇರಬೇಕು. ನಮ್ಮ ಮನೆಗಳಲ್ಲೂ ಅದೇ ತೊಂದರೆ, ಸ್ವಾಮಿ.